ಟನ್‌ಗಟ್ಟಲೆ ಜಾಲಿ ಕಟ್ಟಿಗೆ ತಂದ್ರೂ ಹಂಡೆ ನೀರು ಕಾಯ್ವಲ್ದು: ಕಡಿಯೋದು, ಸೀಳೋದು, ಒಣಗಿಸೋದು ಹೆಂಗ?

ಹಂಡೆನೀರು (ದಾವಣಗೆರೆ)

ನಮಸ್ಕಾರ್ರಿ ಎಲ್ರಿಗೂ. ನಿಟುವಳ್ಳಿ ಕಡೆ ಹಳೇ ಮನಿ ನಮ್ದು. ಹಿತ್ತಲಾಗ ಬಚ್ಚಲು, ಅಲ್ಲಿ ಒಲಿ ಮ್ಯಾಲೆ ಕೂರಿಸಿದ ತಾಮ್ರದ ಹಂಡೆ. ಒಳಗ ಗೀಸರ್ ಐತಿ, ಆದ್ರ ಅಪ್ಪಾಜಿಗೆ ಆ ನೀರು ಮೈಗೆ ಹತ್ತಂಗಿಲ್ಲ. ಈ ಸಲದ ಥಂಡಿಗೆ ಅಮ್ಮನೂ ಅವರ ಪಾರ್ಟಿ ಸೇರಿಬಿಟ್ಟಾರ. ಹಂಗಾಗಿ ಸಂಕ್ರಾಂತಿ ಮುಗಿದ ಮ್ಯಾಲೆ ಒಂದು ಟ್ರ್ಯಾಕ್ಟರ್ ಬಳ್ಳಾರಿ ಜಾಲಿ ಇಳಿಸಿಕೊಂಡ್ವಿ. ವೇಬ್ರಿಡ್ಜ್ ಚೀಟಿ ಪ್ರಕಾರ ಒಂದು ಟನ್ನಿಗೆ ಸ್ವಲ್ಪ ಮ್ಯಾಲೆ. ಮಾರಿದಾವ "ಒಣ ಕಟ್ಟಿಗೆರೀ, ಇವತ್ತೇ ಹಚ್ಚಿ ನೋಡ್ರಿ" ಅಂದಿದ್ದ.

ಹಚ್ಚಿದ್ರ ಬರೀ ಹೊಗೆ. ಕಟ್ಟಿಗೆ ತುದಿಯಿಂದ ಬುರುಗು ಬರ್ತೈತಿ, ಸುಂಯ್ ಅಂತ ಸದ್ದು ಮಾಡ್ತೈತಿ, ಊದಿ ಊದಿ ಅಮ್ಮನ ಕಣ್ಣು ಕೆಂಪಾಗ್ಯಾವ. ಹಂಡೆ ತಳಕ್ಕ ಜಿಡ್ಡು ಜಿಡ್ಡು ಕರಿ ಹತ್ತೈತಿ, ಹುಣಸೆಹಣ್ಣು ಹಾಕಿ ತಿಕ್ಕಿದ್ರೂ ಹೋಗ್ವಲ್ದು. ಪಕ್ಕದ ಮನಿ ಆಂಟಿ ಒಣಗಾಕಿದ ಬಟ್ಟಿ ಎಲ್ಲಾ ಹೊಗೆ ನಾರ್ತಾವ ಅಂತ ಕಾಂಪೌಂಡ್ ಮ್ಯಾಲಿಂದ ಮುಖ ಸಿಂಡರಿಸಿ ಹೇಳಿ ಹೋದ್ರು.

ಈಗ ಕೇಳೋದು ಏನಂದ್ರ, ಜಾಲಿನೇ ಹಿಂಗಾ ಅಥವಾ ಇದು ಹಸಿನಾ? ಹಸಿ ಆಗಿದ್ರ ಒಣಗಾಕ ಎಷ್ಟು ತಿಂಗಳು ಹಿಡಿತೈತಿ? ದಿಮ್ಮಿ ಹಂಗೇ ಬಿಟ್ರ ಆಗ್ತೈತಾ, ಸೀಳಿಸಬೇಕಾ? ಮುಂದಿನ ದೀಪಾವಳಿ ನೀರು ತುಂಬೋ ಹಬ್ಬಕ್ಕಾದ್ರೂ ಹಂಡೆಗೆ ಹಿಂಡ್ಲಿಬಳ್ಳಿ ಕಟ್ಟಿ ಸರಿಯಾಗಿ ನೀರು ಕಾಯಿಸಬೇಕು ಅಂತ ಆಸೆ.

ದುರ್ಗದ_ಗಾಳಿ (ಚಿತ್ರದುರ್ಗ)

ಜಾಲಿಯಲ್ಲಿ ಏನೂ ದೋಷ ಇಲ್ಲ ಸಾರ್. ಬಯಲುಸೀಮೆಯಲ್ಲಿ ಸಿಗೋ ಸೌದೆಗಳಲ್ಲಿ ಬಳ್ಳಾರಿ ಜಾಲಿ ಮೇಲಿನ ಸಾಲಿನದೇ. ಗಟ್ಟಿ, ತೂಕ, ಕೆಂಡ ಬಹಳ ಹೊತ್ತು ನಿಲ್ಲುತ್ತೆ. ನಿಮಗೆ ಸಿಕ್ಕಿದ್ದು ಹಸಿ ಅಷ್ಟೆ. ತುದಿಯಲ್ಲಿ ಬುರುಗು ಬಂತು ಅಂದ ಮೇಲೆ ಬೇರೆ ಸಾಕ್ಷಿ ಬೇಡ. ಒಳಗಿನ ನೀರು ಕುದ್ದು ನಾಳಗಳ ಮೂಲಕ ಹೊರಗೆ ಬರುತ್ತಿರೋದು ಅದು.

ನಿಮ್ಮ ವೇಬ್ರಿಡ್ಜ್ ಚೀಟಿ ಇಟ್ಟುಕೊಂಡು ಒಂದು ಲೆಕ್ಕ ಹಾಕಿ. ಹೊಸದಾಗಿ ಕಡಿದ ಜಾಲಿಯಲ್ಲಿ ನೂರು ಕೆಜಿಗೆ 40 ಕೆಜಿ ನೀರು ಅಂದುಕೊಳ್ಳೋಣ. ಆಗ 1000 ಕೆಜಿಯಲ್ಲಿ ನಿಜವಾದ ಕಟ್ಟಿಗೆ 600 ಕೆಜಿ, ಮಿಕ್ಕ 400 ನೀರು. ಅದೇ ಸೌದೆ ಒಣಗಿ ತೇವ ನೂರಕ್ಕೆ 15ಕ್ಕೆ ಇಳಿದಾಗ ತೂಗಿದರೆ ಸುಮಾರು 705 ಕೆಜಿ ಬರುತ್ತೆ. ಅಂದರೆ ಟನ್ನಿಗೆ ಹತ್ತಿರ ಹತ್ತಿರ ಮೂರು ಕ್ವಿಂಟಲ್ ನೀರನ್ನು ಸೌದೆ ದರಕ್ಕೆ ಕೊಂಡಂಗಾಯ್ತು. ಮಾತಿಗೆ ಹಸಿದು ಟನ್ನಿಗೆ 4000 ಅಂದರೆ, ಚೆನ್ನಾಗಿ ಒಣಗಿದ್ದಕ್ಕೆ 5600 ಕೊಟ್ಟರೂ ನಿಮಗೆ ನಷ್ಟ ಇಲ್ಲ. ನಮ್ಮ ಕಡೆ ಯಾರೂ ಹೀಗೆ ಯೋಚನೆ ಮಾಡಲ್ಲ, ಟನ್ನಿಗೆ ಇನ್ನೂರು ಕಮ್ಮಿ ಅಂತ ಹಸಿದರ ಕಡೆಗೇ ಓಡ್ತಾರೆ.

ಆದ್ದರಿಂದ ಹಸಿ ತಗೊಳ್ಳೋದಾದರೆ ಹಸಿ ಅಂತ ಗೊತ್ತಿದ್ದು, ಹಸಿ ರೇಟಿಗೆ, ಸರಿಯಾದ ಕಾಲಕ್ಕೆ ತಗೊಳ್ಳಿ. ಆ ಸರಿಯಾದ ಕಾಲ ಇದೇ. ಜನವರಿ ಕೊನೆ, ಫೆಬ್ರವರಿ. ಮುಂದೆ ಮಾರ್ಚ್, ಏಪ್ರಿಲ್, ಮೇ ನಮ್ಮ ಎರಡೂ ಜಿಲ್ಲೆಗಳಲ್ಲಿ ಒಣ ಗಾಳಿ, ಒಣ ಬಿಸಿಲು. ಚಳಿ ದೇಶಗಳಲ್ಲಿ ಸೌದೆಯನ್ನು ವರ್ಷ, ಎರಡು ವರ್ಷ ಒಣಗಿಸ್ತಾರೆ ಅಂತ ಓದಿ ಗಾಬರಿ ಬೀಳಬೇಡಿ. ಮಧ್ಯಾಹ್ನದ ಗಾಳಿಯಲ್ಲಿ ತೇವಾಂಶ ನೂರಕ್ಕೆ 30ರ ಆಸುಪಾಸಿಗೆ ಇಳಿಯೋ ಊರು ನಮ್ಮದು. ಸೀಳಿ ಒಟ್ಟಿದರೆ ಯುಗಾದಿಯಿಂದ ಮುಂಗಾರಿನೊಳಗೆ ಆಗಿಬಿಡುತ್ತೆ.

ಸೀಳಿದರೆ ಮಾತ್ರ. ದಿಮ್ಮಿ ಹಂಗೇ ಬಿಟ್ಟರೆ ಆಗಲ್ಲ. ಮರದಲ್ಲಿ ನೀರು ಹರಿಯೋದು ಉದ್ದಕ್ಕೆ, ಬೇರಿನಿಂದ ಎಲೆಗೆ. ಕಡಿದ ಮೇಲೂ ಅದು ಹೊರಗೆ ಹೋಗೋಕೆ ಹುಡುಕೋದು ಆ ದಾರಿಯನ್ನೇ, ಅಂದರೆ ಎರಡು ಕೊಯ್ದ ತುದಿಗಳನ್ನು. ಪಕ್ಕದಿಂದ ಹೋಗೋದು ತೀರಾ ನಿಧಾನ, ತೊಗಟೆ ಇದ್ದರಂತೂ ಬಾಗಿಲು ಹಾಕಿದಂಗೆ. ಅದಕ್ಕೇ ತುಂಡು ಗಿಡ್ಡ ಇದ್ದಷ್ಟೂ, ತೊಗಟೆ ಸೀಳಿದಷ್ಟೂ ಬೇಗ ಒಣಗುತ್ತೆ. ನಾಲ್ಕಡಿ ದಿಮ್ಮಿ ಮೇಲೆ ಒಣಗಿ ಬೂದು ಬಣ್ಣಕ್ಕೆ ತಿರುಗಿದ್ದರೂ ನಡುವೆ ಹಸಿಯಾಗೇ ಇರಬಹುದು. ಮಾರಿದವನು ನಿಮಗೆ ತೋರಿಸಿದ್ದು ಬಹುಶಃ ಆ ಬೂದು ಬಣ್ಣವನ್ನೇ.

ಬಿಸಿಲುನೀರು (ಹರಿಹರ)

ಇಷ್ಟೆಲ್ಲಾ ಯಾಕ್ರೀ? ಸೋಲಾರ್ ಹಾಕಿಸ್ರಿ, ಮುಗೀತು. ವರ್ಷದಾಗ ಬಹಳಷ್ಟು ದಿನ ನಮ್ಮ ಕಡೆ ಬಿಸಿಲಿಗೇನು ಬರಗಾಲ?

ಹಂಡೆನೀರು (ದಾವಣಗೆರೆ)

ಆಷಾಢ, ಶ್ರಾವಣದ ಮೋಡದಾಗ ಹತ್ತು ಹತ್ತು ದಿನ ಬಿಸಿಲು ಕಾಣಂಗಿಲ್ಲ. ಅಪ್ಪಾಜಿ ಎದ್ದು ಸ್ನಾನ ಮಾಡೋದು ಬೆಳಗಿನ ಐದಕ್ಕ. ಮತ್ತ ಸೋಲಾರ್ ಪೈಪಿನಾಗ ಮೊದ್ಲು ಎರಡು ಬಕೀಟು ತಣ್ಣೀರು ಬಿಟ್ಟ ಮ್ಯಾಲೇ ಬಿಸಿ ಬರೋದು. ಅದು ಬ್ಯಾರೆ ಜಗಳ, ಇಲ್ಲಿ ಬ್ಯಾಡ.

ಕೊಡಲಿಕಾವು (ಜಗಳೂರು)

ಸೀಳೋದ್ರ ಬಗ್ಗೆ ನಾ ಹೇಳ್ತೀನಿ, ನಮ್ಮ ಮನಿತನದ ಕಸುಬೇ ಅದು.

ಮೊದ್ಲು ಒಂದ್ ಮಾತು, ಜಾಲಿ ಹಸಿ ಇದ್ದಾಗ್ಲೇ ಸೀಳ್ರಿ. ಒಣಗಿದ ಜಾಲಿಗೆ ಕೊಡಲಿ ಹಾಕಿದ್ರ ಕೊಡಲಿನೇ ವಾಪಸ್ ಹಾರತೈತಿ. ನೀಲಗಿರಿನೂ ಹಂಗೇ, ಇನ್ನೂ ಜಾಸ್ತಿ. ಅದರ ನಾರು ನೆಟ್ಟಗಿರಂಗಿಲ್ಲ, ತಿರುಚಿಕೊಂಡು ಹೋಗತೈತಿ, ಒಣಗಿತಂದ್ರ ದೇವ್ರೇ ಗತಿ. ಕಡಿದ ವಾರದಾಗ ಸೀಳಿದ್ರ ಬೆಣ್ಣಿಯಂಗ ಹೋಗತೈತಿ. ಮಂದಿ ಏನ್ ಮಾಡ್ತಾರ, "ಒಣಗ್ಲಿ, ಆಮ್ಯಾಲೆ ಸೀಳಿಸೋಣ" ಅಂತ ಆರು ತಿಂಗಳು ಬಿಡ್ತಾರ. ಆಮ್ಯಾಲೆ ನಮ್ಮನ್ನ ಕರೆದು ಕೂಲಿ ಜಾಸ್ತಿ ಕೇಳ್ತಾನ ಅಂತ ಬೈತಾರ.

ಉದ್ದ: ಹಂಡೆ ಒಲಿಗೆ ಒಂದೂಕಾಲು ಅಡಿ, ಬಹಳ ಅಂದ್ರ ಒಂದೂವರಿ. ಒಲಿ ಬಾಯಿ ಅಳತಿ ಹಿಡ್ಕೊಂಡೇ ಕೊಯ್ಸಬೇಕು, ಹೊರಗ ಚಾಚಿಕೊಂಡ್ರ ಅರ್ಧ ಹೊಗೆ ಅಲ್ಲಿಂದಾನೇ. ದಪ್ಪ: ಮುಂಗೈಯಷ್ಟು. ಅದಕ್ಕಿಂತ ದಪ್ಪಂದು ಉರಿ ಹಿಡಿದ ಮ್ಯಾಲೆ ಒಂದು ಇರ್ಲಿ, ಬೆಳತನಕ ಕೆಂಡ ಇರತೈತಿ.

ಕೊಯ್ಯಾಕ ಈಗ ಎಲ್ಲಾ ಕಡೆ ಪೆಟ್ರೋಲ್ ಮಷಿನ್ ಬಾಡಿಗಿಗೆ ಸಿಗ್ತಾವ. ಬಳಸಿ ಗೊತ್ತಿಲ್ದಾರು ಮುಟ್ಟಬ್ಯಾಡ್ರಿ. ಅದರ ಪಟ್ಟಿಯ ಮುಂದಿನ ತುದಿ ಕಟ್ಟಿಗೆಗೆ ತಗಲಿತಂದ್ರ ಮಷಿನ್ ಮಕಕ್ಕ ಚಿಮ್ಮತೈತಿ. ಯಾವಾಗ್ಲೂ ಪಟ್ಟಿಯ ಮಷಿನ್ ಹತ್ತಿರದ ಭಾಗದಿಂದ, ಕೆಳಗ ಕಟ್ಟಿಗೆ ಅಲುಗಾಡದಂಗ ಇಟ್ಟೇ ಕೊಯ್ಬೇಕು.

ಸೀಳೋದು: ತುಂಡು ನೆಲದ ಮ್ಯಾಲೆ ನಿಲ್ಲಿಸಿ ಹೊಡಿಬ್ಯಾಡ್ರಿ. ಹೊಡ್ತದ ಅರ್ಧ ಬಲ ಮಣ್ಣು ತಿಂತೈತಿ, ತಪ್ಪಿದ್ರ ಕೊಡಲಿ ಕಲ್ಲಿಗೆ, ಇಲ್ಲ ಕಾಲಿಗೆ. ಅಡಿಗೆ ಒಂದು ಕೊರಡು ಬೇಕು, ಮೊಣಕಾಲಿಗಿಂತ ಕೆಳಗ ಬರೋ ಎತ್ತರ. ಹುಣಸಿ ಕೊರಡು ಸಿಕ್ರ ಬಿಡಬ್ಯಾಡ್ರಿ. ಹುಣಸಿ ನಾರು ಒಂದಕ್ಕೊಂದು ಹೆಣಕೊಂಡಿರತೈತಿ, ಸೀಳಂಗಿಲ್ಲ, ಅದಕ್ಕೇ ಮಾಂಸದ ಅಂಗಡ್ಯಾಗ ಅದನ್ನೇ ಇಟ್ಟಿರೋದು. ಸೀಳಾಕ ಹೋದಾನಿಗೆ ಅದು ಶತ್ರು, ಕೊರಡಿಗೆ ಅದೇ ರಾಜ.

ತುಂಡಿನ ತುದಿ ನೋಡ್ರಿ. ನಡುವಿನಿಂದ ಹೊರಕ್ಕ ಸಣ್ಣ ಸಣ್ಣ ಬಿರುಕು ಬಿಟ್ಟಿರತಾವ. ಮರ ತಾನೇ ಗೆರಿ ಹಾಕಿ ತೋರಿಸಿರತೈತಿ, ಆ ಗೆರಿ ಮ್ಯಾಲೇ ಹೊಡೀರಿ. ದೊಡ್ಡ ದಿಮ್ಮಿ ಆದ್ರ ನಡುವಕ್ಕ ಹೊಡಿಯೋದು ದಂಡ, ಅಂಚಿನಿಂದ ಚಕ್ಕಿ ಚಕ್ಕಿ ಬಿಡಿಸ್ಕೊಂಡು ಒಳಗ ಹೋಗ್ರಿ. ಗಂಟು ಇದ್ರ ಗಂಟು ಕೆಳಗ ಬರೋಹಂಗ ನಿಲ್ಲಿಸ್ರಿ, ಗಂಟಿನ ಮ್ಯಾಲೆ ಎಂದೂ ಹೊಡಿಬ್ಯಾಡ್ರಿ. ಕೊಡಲಿ ಸಿಕ್ಕೊಂಡ್ರ ಎಳದಾಡಬ್ಯಾಡ್ರಿ, ಪಕ್ಕದ ಬಿರುಕಿಗೆ ಕಬ್ಬಿಣದ ಬೆಣಿ ಇಟ್ಟು ಸುತ್ತಿಗಿಯಿಂದ ಬಡೀರಿ, ತಾನೇ ಬಿಡತೈತಿ. ಸೀಳೋ ಕೊಡಲಿ ಅಂದ್ರ ಅಲಗು ದಪ್ಪ, ತೂಕ ಜಾಸ್ತಿ, ಬಾಯಿ ಬಹಳ ಹರಿತ ಇರಬಾರ್ದು. ಹರಿತ ಇದ್ರ ಕಚ್ಕೊಂಡು ಕೂರತೈತಿ. ಕೊಂಬಿ ಸವರೋ ಕೊಡಲಿ ಬ್ಯಾರೆ, ಅದು ತೆಳು, ಅದನ್ನ ಸೀಳಾಕ ಬಳಸಿದ್ರ ಬಾಯಿ ಮುಕ್ಕಾಗತೈತಿ.

ಕೊಡಲಿ ಕಾವಿಗೆ, ಅಂದ್ರ ಹಿಡಿಗೆ, ದಿಂಡಿಗದ ಕಟ್ಟಿಗೆ ಸಿಕ್ರ ಚಲೋ, ಮುರಿಯಂಗಿಲ್ಲ. ಕಾವು ಸಡಿಲ ಆಗೈತಿ ಅನ್ನಿಸಿದ್ರ ಹಿಂದಿನ ರಾತ್ರಿ ತಲಿ ಕಡೆ ನೀರಾಗ ಇಟ್ಟು ಬಿಡ್ರಿ, ಉಬ್ಬಿ ಬಿಗಿ ಆಗತೈತಿ. ಮತ್ತ ಜಾಲಿ ಮುಳ್ಳು ಬಹಳ ಹುಷಾರು. ಟ್ರ್ಯಾಕ್ಟರ್ ಟಯರೇ ತೂತು ಬೀಳತೈತಿ, ಚಪ್ಪಲಿ ಯಾವ ಲೆಕ್ಕ? ಕಾಲಾಗ ಮುರಿದ್ರ ಬಾವು ಬರತೈತಿ, ಕೆದಕೋದು ಬಿಟ್ಟು ದವಾಖಾನಿಗೆ ಹೋಗಿ ತಗಸ್ಕೊಳ್ರಿ.

ಮುಂಜಾನೆ_ದೋಸೆ (ದಾವಣಗೆರೆ)

ಕೊಡಲಿಕಾವು ಅಣ್ಣ ಹೇಳಿದ ದಪ್ಪದ ಮಾತಿಗೆ ಸ್ವಲ್ಪ ಸೇರಿಸ್ತೀನಿ. ಬೆಣ್ಣೆದೋಸೆ ಹೆಂಚಿನ ಮುಂದ ನಿಂತೇ ನಮ್ಮ ಜೀವನ ಹೋಗೈತಿ. ಉರಿ ಬ್ಯಾರೆ, ಕೆಂಡ ಬ್ಯಾರೆ. ದೋಸಿಗೆ ಹೆಂಚಿನ ತುಂಬಾ ಒಂದೇ ಸಮ ಉರಿ ಬೇಕು, ಏರಬಾರ್ದು, ಇಳಿಬಾರ್ದು. ಅದಕ್ಕ ಎರಡು ಬೆರಳು ದಪ್ಪದ ಸೀಳು, ಸ್ವಲ್ಪ ಸ್ವಲ್ಪ ಹಾಕ್ತಾ ಇರೋದು. ದಪ್ಪ ಕಟ್ಟಿಗೆ ತುರುಕಿದ್ರ ಮೊದಲ ದೋಸೆ ಬಿಳಿ, ನಾಕನೇದು ಕರಿ. ಹಂಡೆಗೆ ಆ ತಲಿನೋವಿಲ್ಲ, ಮೊದ್ಲು ಸಣ್ಣ ಸೀಳಿನಿಂದ ಉರಿ ಎಬ್ಬಿಸಿ ಆಮ್ಯಾಲೆ ಒಂದು ದಪ್ಪ ತುಂಡು ಇಟ್ಟು ಬಿಟ್ರ ನೀರು ತಾನೇ ಕಾಯ್ತೈತಿ.

ಡಿಪೋದಾಗ ಕಟ್ಟಿಗೆ ಆರಿಸೋವಾಗ ನಾವು ಮಾಡೋದು ಇಷ್ಟು. ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿಯೋದು. ಒಣಗಿದ್ರ ಟಣ್ ಅಂತೈತಿ, ಹಸಿ ಆದ್ರ ದಪ್ ಅಂತೈತಿ. ತೊಗಟಿ ಉಗುರಿನಿಂದ ಎತ್ತಿ ನೋಡೋದು, ಒಣಗಿದ್ರ ಎದ್ದು ಬರತೈತಿ, ಕೆಳಗ ಹಸಿರು ಇರಂಗಿಲ್ಲ. ಆಮ್ಯಾಲೆ ಡಿಪೋದವರಿಗೇ ಹೇಳಿ ಒಟ್ಟಿನ ನಡುವಿನ ಒಂದು ದಪ್ಪ ತುಂಡು ಸೀಳಿಸೋದು, ಸೀಳಿದ ಮಗ್ಗುಲು ಕೆನ್ನಿಗೆ ಹಚ್ಚಿ ನೋಡೋದು. ತಣ್ಣಗೆ ಹತ್ತಿದ್ರ ಹಸಿ. ಕೈಗಿಂತ ಕೆನ್ನಿಗೆ ಚಲೋ ಗೊತ್ತಾಗತೈತಿ. ಸೀಳಾಕ ಒಪ್ಪದ ಕಡೆ ನಾವು ಕೊಳ್ಳಂಗಿಲ್ಲ.

ಚೊಗರು (ಚನ್ನಗಿರಿ)

ನಮ್ಮಲ್ಲಿ ಅಡಕೆ ಬೇಯಿಸೋ ಕಾಲ ಬಂತು ಅಂದರೆ ಒಲೆ ಹಗಲು ರಾತ್ರಿ ಆರಲ್ಲ. ದೊಡ್ಡ ತಾಮ್ರದ ಹಂಡೆ, ಅದರ ತುಂಬ ಚೊಗರು ನೀರು (ಅಡಕೆ ಬೇಯಿಸಿದಾಗ ಇಳಿಯೋ ರಸ), ಕೊಯ್ಲು ಶುರುವಾದರೆ ತಿಂಗಳುಗಟ್ಟಲೆ. ಆಗ ಹೋಗಿ ಸೌದೆ ಹುಡುಕಿದರೆ ಹಸಿಯೇ ಸಿಗೋದು. ಹಾಗಾಗಿ ಬೇಸಿಗೆಯಲ್ಲೇ ತಂದು ಸೀಳಿಸಿ ಮೇ ಒಳಗೆ ಶೆಡ್ಡಿಗೆ ಏರಿಸ್ತೀವಿ. ಅಡಕೆ ಸಿಪ್ಪೆ, ಬಿದ್ದ ಅಡಕೆ ಮರ, ತೆಂಗಿನ ಮಟ್ಟೆ ಎಲ್ಲವೂ ಹೋಗುತ್ತೆ, ಆದರೆ ಅವೆಲ್ಲ ಭಗ್ ಅಂತ ಹತ್ತಿ ಬೇಗ ಮುಗಿಯೋವು. ಹಂಡೆ ಕುದಿ ಹಿಡಿದು ನಿಲ್ಲಬೇಕಂದರೆ ಗಟ್ಟಿ ಕಟ್ಟಿಗೆಯೇ ಬೇಕು.

ಒಟ್ಟೋದರ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ತೋಟದಲ್ಲಿ ನಡೆಯೋ ಪದ್ಧತಿ ಹೇಳ್ತೀನಿ. ಕೆಳಗೆ ಸೈಜುಗಲ್ಲು ಇಟ್ಟು ಅದರ ಮೇಲೆ ಎರಡು ಉದ್ದ ಗಳ. ನೆಲಕ್ಕೆ ಒಂದು ತುಂಡೂ ತಾಗಬಾರದು. ನೆಲದ ತೇವ, ಗೆದ್ದಲು ಎರಡೂ ಅಲ್ಲಿಂದಲೇ ಏರೋದು. ಗೋಡೆಗೆ ಒತ್ತಿ ಒಟ್ಟಬೇಡಿ, ಒಂದು ಗೇಣಾದರೂ ಬಿಡಿ. ಎರಡೂ ಕೊನೆಯಲ್ಲಿ ಅಡ್ಡ ಒಂದು ಸಾಲು, ಉದ್ದ ಒಂದು ಸಾಲು ಇಟ್ಟು ಕಂಬ ಎಬ್ಬಿಸಿದರೆ ನಡುವಿನ ಒಟ್ಟು ಜಾರಲ್ಲ. ಅಗಲದ ಮಗ್ಗುಲು ಗಾಳಿ ಬೀಸೋ ಕಡೆಗಿರಲಿ. ಮೇಲೆ ಮಾತ್ರ ತಗಡು ಅಥವಾ ಸೋಗೆ.

ತಾಡಪಾಲು ಸುತ್ತಲೂ ಸುತ್ತಿ ಹಗ್ಗ ಬಿಗಿಯೋರನ್ನ ನೋಡಿದರೆ ನನಗೆ ಮೈ ಉರಿಯುತ್ತೆ. ಕಟ್ಟಿಗೆಯಿಂದ ಹೊರಟ ನೀರು ತಾಡಪಾಲಿನ ಒಳಮೈಗೆ ಹನಿ ಕಟ್ಟಿ ಮತ್ತೆ ಕಟ್ಟಿಗೆಗೇ ಬೀಳುತ್ತೆ, ಬೂಷ್ಟು ಬರುತ್ತೆ.

ಹಂಡೆನೀರು (ದಾವಣಗೆರೆ)

ಚೊಗರು ಸಾರ್, ಬಿಸಿಲಾಗ ಒಟ್ಟಬೇಕಾ ನೆರಳಾಗಾ? ಅಪ್ಪಾಜಿ ಬಿಸಿಲಾಗ ಇಟ್ರ ಕಟ್ಟಿಗೆ "ಸತ್ವ" ಹೋಗತೈತಿ ಅಂತಾರ.

ದುರ್ಗದ_ಗಾಳಿ (ಚಿತ್ರದುರ್ಗ)

ಸತ್ವ ಎಲ್ಲಿಗೂ ಹೋಗಲ್ಲ, ಹೋಗೋದು ನೀರು. ಆದರೆ ಬಿಸಿಲಿಗಿಂತ ಗಾಳಿ ಮುಖ್ಯ ಅನ್ನೋದು ನಿಜ. ನಮ್ಮ ದುರ್ಗದ ಸುತ್ತ ಗುಡ್ಡಗಳ ಮೇಲೆ ಗಾಳಿ ಯಂತ್ರ ಸುಮ್ಮನೆ ನೆಟ್ಟಿಲ್ಲ. ಬಿಸಿಲು ಬಿದ್ದು ಗಾಳಿ ಆಡದ ಮೂಲೆಗಿಂತ ಗಾಳಿ ಆಡೋ ನೆರಳೇ ಮೇಲು. ಎರಡೂ ಸಿಕ್ಕರೆ ಕೇಳೋದೇ ಬೇಡ. ಮರಗೆಲಸದ ಹಲಗೆಯನ್ನು ನೆರಳಲ್ಲಿ ಒಣಗಿಸೋದು ಬಿರುಕು ಬಿಡಬಾರದು ಅಂತ. ಉರಿಸೋ ಕಟ್ಟಿಗೆ ಬಿರುಕು ಬಿಟ್ಟಷ್ಟೂ ನಮಗೆ ಲಾಭ. ನಿಮ್ಮ ತಂದೆಯವರು ಬಹುಶಃ ಹಲಗೆ ಮಾತನ್ನು ಸೌದೆಗೂ ಹೇಳ್ತಿದ್ದಾರೆ.

ಇನ್ನೊಂದು ವಿಷಯ. ಹಸಿ ಸೌದೆಯ ನಷ್ಟ ಎಲ್ಲಿ ಅನ್ನೋದು ಜನ ತಪ್ಪು ತಿಳಿದಿರ್ತಾರೆ. 40 ಲೀಟರ್ ಹಂಡೆ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸೋಕೆ 1600 ಕಿಲೋಕ್ಯಾಲರಿ ಸಾಕು. ಪೂರ್ತಿ ಒಣಗಿದ ಒಂದು ಕೆಜಿ ಕಟ್ಟಿಗೆಯಲ್ಲಿ ಸುಮಾರು 4500 ಇರುತ್ತೆ. ಹಾಗಿದ್ದರೆ ಅರ್ಧ ಕೆಜಿಯೂ ಬೇಡ. ಆದರೆ ಸಾದಾ ಒಲೆಯಲ್ಲಿ ನೂರಕ್ಕೆ 15ರಷ್ಟು ಶಾಖ ಹಂಡೆಗೆ ಹತ್ತಿದರೆ ಪುಣ್ಯ, ಹಾಗಾಗಿ ಎರಡೂವರೆ ಕೆಜಿ ಬೇಕಾಗುತ್ತೆ. ಅದು ಹಸಿಯಾದರೆ ಅದರೊಳಗಿನ ಒಂದೂವರೆ ಲೀಟರ್ ಚಿಲ್ಲರೆ ನೀರನ್ನು ಆವಿ ಮಾಡೋಕೆ ಸುಮಾರು 1000 ಕಿಲೋಕ್ಯಾಲರಿ ಹೋಗುತ್ತೆ. ಒಟ್ಟು ಶಾಖದಲ್ಲಿ ಅದು ಹತ್ತರಲ್ಲಿ ಒಂದು ಪಾಲು ಮಾತ್ರ, ಅಷ್ಟಕ್ಕೇ ನಿಮ್ಮ ಹಂಡೆ ಕಾಯದೆ ಇರಬಾರದು.

ಅಸಲಿ ನಷ್ಟ ಹೊಗೆಯದು. ಕಟ್ಟಿಗೆ ಬಿಸಿಯಾದಾಗ ಮೊದಲು ಅನಿಲ ಬಿಡುತ್ತೆ, ಜ್ವಾಲೆ ಅಂತ ನಾವು ನೋಡೋದು ಆ ಅನಿಲ ಉರಿಯೋದನ್ನು. ಒಲೆ ಒಳಗೆ ತಕ್ಕಷ್ಟು ಕಾವು ಇಲ್ಲದಿದ್ದರೆ ಅದು ಉರಿಯದೆ ಹಂಗೇ ಹೊರಗೆ ಹೋಗುತ್ತೆ, ಅದೇ ಹೊಗೆ. ಹಸಿ ಕಟ್ಟಿಗೆ ಒಲೆಯ ಕಾವನ್ನು ಎಳೆದು ಇಳಿಸುತ್ತೆ. ಹಂಡೆ ತಳದ ಜಿಡ್ಡು, ಪಕ್ಕದ ಮನೆ ಬಟ್ಟೆಯ ವಾಸನೆ ಎಲ್ಲ ನೀವು ದುಡ್ಡು ಕೊಟ್ಟು ತಂದ ಇಂಧನವೇ, ಉರಿಯದೆ ಹೋದದ್ದು.

ಆದ್ದರಿಂದ ಒಲೆಯನ್ನೂ ಒಮ್ಮೆ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯನ್ನು ಹಿಂದೆ ನಮ್ಮ ಹಳ್ಳಿಗಳಲ್ಲಿ ಹಲವರು ಹಾಕಿಸಿದ್ದರು. ಅದರ ಗುಟ್ಟು ಬಹಳ ಸರಳ: ಕಟ್ಟಿಗೆ ಕೆಳಗೆ ಕಬ್ಬಿಣದ ಜಾಲರಿ, ಜಾಲರಿ ಕೆಳಗಿಂದ ಗಾಳಿ, ಬೆಂಕಿ ಸುತ್ತ ಮುಚ್ಚಿದ ಗೂಡು, ಹಿಂದೆ ಚಿಮಣಿ. ನಿಮ್ಮ ಬಚ್ಚಲ ಒಲೆಯಲ್ಲಿ ಕಟ್ಟಿಗೆ ಬೂದಿ ಮೇಲೆ ಕೂತಿದ್ದರೆ ಒಂದು ಜಾಲರಿ ಹಾಕಿಸಿ, ವ್ಯತ್ಯಾಸ ಮೊದಲ ದಿನವೇ ಕಾಣುತ್ತೆ.

ಅಜ್ಜಿಮನೆ (ಚಳ್ಳಕೆರೆ)

ಎಲ್ಲಾ ಗಂಡಸ್ರೇ ಮಾತಾಡ್ತಿದ್ದೀರ, ಒಲೆ ಮುಂದೆ ಕೂರೋರು ಯಾರು ಅಂತ ಮರೆತಂಗಿದೆ 😀

ಹೊತ್ತಿಸೋಕೆ ಪುಳ್ಳೆ ಬೇಕಲ್ಲ, ಅದನ್ನ ಯಾರೂ ಹೇಳ್ಲಿಲ್ಲ. ಸೀಮೆಎಣ್ಣೆ ಸುರಿಯೋದು, ಪ್ಲಾಸ್ಟಿಕ್ ಕವರ್ ಹಚ್ಚೋದು ಬಿಟ್ಟುಬಿಡಿ. ತೊಗರಿ ಕಡ್ಡಿ, ಹತ್ತಿ ಕಡ್ಡಿ, ತೆಂಗಿನ ಕರಟ ಇವೆಲ್ಲ ನಮ್ಮಲ್ಲಿ ಇದ್ದೇ ಇರುತ್ತೆ. ದಾವಣಗೆರೆ ಕಡೆಯೋರಿಗೆ ಮೆಕ್ಕೆಜೋಳದ ಬೆಂಡು ಇದೆ, ಕಾಳು ಬಿಡಿಸಿದ ಮೇಲೆ ರಾಶಿ ರಾಶಿ ಬಿದ್ದಿರುತ್ತೆ. ಒಂದು ಚೀಲ ತಂದಿಟ್ಕೊಂಡ್ರೆ ಊದುಗೊಳವೆ ಮುಟ್ಟೋದೇ ಬೇಡ.

ಏನು ಸುಡಬಾರ್ದು ಅನ್ನೋದೂ ಕೇಳಿ. ಕಣಗಿಲೆ ಕಡ್ಡಿ ಒಲೆಗೆ ಹಾಕಬೇಡಿ, ಗಿಡ ಪೂರ್ತಿ ವಿಷ, ಹೊಗೆನೂ ವಿಷವೇ. ಪ್ಲೈವುಡ್, ಬಣ್ಣ ಬಳಿದ ಹಳೇ ಕಿಟಕಿ ಚೌಕಟ್ಟು ಬೇಡವೇ ಬೇಡ. ಸೆಂಟ್ರಿಂಗ್ ಕಟ್ಟಿಗೆ ಅಂತ ಅಗ್ಗಕ್ಕೆ ಕೊಡ್ತಾರೆ, ಅದರಲ್ಲಿ ಮೊಳೆ ಇರುತ್ತೆ, ಬೂದಿ ಹೊಲಕ್ಕೆ ಹಾಕಿದ್ಮೇಲೆ ಯಾರದ್ದೋ ಕಾಲಿಗೆ ಚುಚ್ಚುತ್ತೆ. ನುಗ್ಗೆ ಮರ ಬಿದ್ದಿದೆ ತಗೊಂಡು ಹೋಗಿ ಅಂದ್ರೆ ಬೇಡ ಅನ್ನಿ, ಹೊತ್ತ ಶ್ರಮಕ್ಕೂ ಸಾಲಲ್ಲ.

ಮತ್ತೆ ಒಂದು ಗಂಭೀರ ಮಾತು. ಬಾಣಂತಿ ಕೋಣೆಗೆ, ವಯಸ್ಸಾದೋರ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಕಿಟಕಿ ಹಾಕೋ ಅಭ್ಯಾಸ ಇನ್ನೂ ಇದೆ. ಕೆಂಡದಲ್ಲಿ ಹೊಗೆ ಕಾಣಲ್ಲ, ಹಾಗಂತ ಅಪಾಯ ಇಲ್ಲ ಅಂತಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆನೋವು, ತಲೆಸುತ್ತು ಬರುತ್ತೆ, ಮಲಗಿದ್ದೋರಿಗೆ ಅದೂ ಗೊತ್ತಾಗಲ್ಲ. ಕೋಣೆ ಬೆಚ್ಚಗಾಗಬೇಕಂದ್ರೆ ಕಾದ ನೀರು ತುಂಬಿದ ರಬ್ಬರ್ ಚೀಲ ಇಡಿ, ಕೆಂಡ ಹೊರಗೇ ಇರಲಿ. ಹಂಡೆ ಒಲೆ ಬಾಯಿ ಬಚ್ಚಲ ಒಳಗಿದ್ದರೂ ಅಷ್ಟೇ, ಸ್ನಾನಕ್ಕೆ ಕೂತಾಗ ಬೆಳಕಿಂಡಿ ಮುಚ್ಚಬೇಡಿ.

ಹಂಡೆನೀರು (ದಾವಣಗೆರೆ)

ಅಕ್ಕಾ, ನಮ್ಮ ಒಲಿ ಬಾಯಿ ಹೊರಗೈತಿ, ಹಂಡೆ ಒಳಗ. ಆದ್ರೂ ಬೆಳಕಿಂಡಿಗೆ ಅಪ್ಪಾಜಿ ಗೋಣಿಚೀಲ ತುರುಕಿದ್ರು, ಇವತ್ತೇ ತೆಗೀತೀನಿ.

ಸರ್ವೆನಂಬರ್ (ಹೊಳಲ್ಕೆರೆ)

ಕಡಿಯೋದರ ಕಾನೂನು ಒಂದಿಷ್ಟು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಸ್ವಂತ ಜಮೀನಿನ ಮರಕ್ಕೂ ಸಾಮಾನ್ಯವಾಗಿ ಅನುಮತಿ ಬೇಕು. ಆದರೆ ಬಳ್ಳಾರಿ ಜಾಲಿ, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ತೆಂಗು ಇಂಥವಕ್ಕೆ ವಿನಾಯಿತಿ ಇದೆ. ಬೇವು, ಹುಣಸೆ, ಹೊಂಗೆ, ಕರಿಜಾಲಿಗೆ ಕೊಡಲಿ ಹಾಕೋ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಊರವರು "ಏನೂ ಆಗಲ್ಲ" ಅನ್ನೋದನ್ನು ನಂಬಬೇಡಿ. ಗೋಮಾಳ, ಕೆರೆ ಅಂಗಳದ ಜಾಲಿ ಯಾರದ್ದೂ ಅಲ್ಲ ಅಂತ ಕಡಿಯೋರಿದ್ದಾರೆ, ಅದು ಸರ್ಕಾರದ್ದು, ಪಂಚಾಯ್ತಿ ಹರಾಜು ಹಾಕಿದ್ದರೆ ಮಾತ್ರ ಹೋಗಿ.

ಜಗಳೂರಿನವರಿಗೆ ಗೊತ್ತೇ ಇದೆ, ರಂಗಯ್ಯನದುರ್ಗ ಕೊಂಡುಕುರಿಗಾಗಿ (ನಾಲ್ಕು ಕೊಂಬಿನ ಹುಲ್ಲೆ) ಮೀಸಲಿಟ್ಟ ಅಭಯಾರಣ್ಯ. ಅಲ್ಲಿ ಒಣಕೊಂಬೆ ಆರಿಸೋಕೆ ಹೋಗಿ ಸಿಕ್ಕಿಬಿದ್ದರೂ ಕೇಸೇ. ನಮ್ಮ ಜೋಗಿಮಟ್ಟಿ ಕಾಡಿಗೂ ಅದೇ ಮಾತು.

ಹೊಲದ ಬದುವಿನ ಬಳ್ಳಾರಿ ಜಾಲಿ ಕಡಿಯೋರಿಗೆ: ಬುಡ ಬಿಟ್ಟು ಮೇಲಷ್ಟೇ ಕಡಿದರೆ ಒಂದಕ್ಕೆ ಐದಾಗಿ ಚಿಗುರುತ್ತೆ. ಸೌದೆಗೆ ಅದೇ ಬೇಕು ಅಂದರೆ ಸರಿ, ಮೂರು ನಾಲ್ಕು ವರ್ಷಕ್ಕೆ ಮತ್ತೆ ಕೈ ದಪ್ಪದ ಕೊಂಬೆ ಸಿಗುತ್ತೆ. ಹೊಲ ಬಿಡಿಸಬೇಕು ಅಂದರೆ ಬೊಡ್ಡೆ ಸಮೇತ ಅಗೆಸಲೇಬೇಕು.

ಕೊಡಲಿಕಾವು (ಜಗಳೂರು)

ಬೊಡ್ಡೆ ಅಗೆಸಿದ್ರ ಅದನ್ನ ಬಿಸಾಡಬ್ಯಾಡ್ರಿ. ಸೀಳಾಕ ಬರಂಗಿಲ್ಲ ಖರೆ, ಇದ್ದಿಲು ಸುಡೋರು ಹುಡುಕಿಕೊಂಡು ಬಂದು ತಗೊಂಡು ಹೋಗ್ತಾರ.

ಹಂಡೆನೀರು (ದಾವಣಗೆರೆ)

ಏಪ್ರಿಲ್ ಕೊನಿಗೆ ವರದಿ ಹಾಕ್ತಿದೀನಿ. ಕೊಡಲಿಕಾವು ಅಣ್ಣ ಹೇಳಿದಂಗ ಕೂಲಿಯವರನ್ನ ಕರೆಸಿ ಹಸಿ ಇದ್ದಾಗ್ಲೇ ಎಲ್ಲಾ ಸೀಳಿಸಿದೆ. ಹಿತ್ತಲಾಗ ಪಶ್ಚಿಮದ ಗಾಳಿ ಬರೋ ಕಡೆ ಮುಖ ಮಾಡಿ ಒಟ್ಟಿ, ಮ್ಯಾಲೆ ಎರಡು ತಗಡು, ತಗಡಿನ ಮ್ಯಾಲೆ ಕಲ್ಲು.

ಒಂದು ಸೀಳಿಗೆ ಕೆಂಪು ದಾರ ಕಟ್ಟಿ ಗುರುತು ಮಾಡಿದ್ದೆ. ಸೂಟ್‌ಕೇಸ್ ತೂಗೋ ಕೊಕ್ಕೆ ತಕ್ಕಡಿಯಾಗ ಆಗಾಗ ತೂಗಿ ನೋಡ್ತಿದ್ದೆ. ಮೂರೂವರಿ ಕೆಜಿ ಇದ್ದದ್ದು ಶುರುವಿನಾಗ ದಬದಬ ಇಳೀತು, ಆಮ್ಯಾಲೆ ನಿಧಾನ, ಈಗ ಎರಡೂವರಿ ಹತ್ರ ನಿಂತೈತಿ. ತುದಿಗೆಲ್ಲಾ ಬೆರಳಿನ ಉಗುರು ಹೋಗೋವಷ್ಟು ಬಿರುಕು. ಬಡಿದ್ರ ಟಣ್ ಅಂತೈತಿ. ಜಾಲರಿನೂ ಹಾಕಿಸಿದೆ. ಅಮ್ಮ ಊದುಗೊಳವಿನ ಗೋಡೆ ಮಾಡದಾಗ ಎತ್ತಿಟ್ಟಾರ. ಅಪ್ಪಾಜಿ ಮಾತ್ರ ಇದು ಜಾಲರಿಯಿಂದ ಅಲ್ಲ, ಬೇಸಿಗಿಯಾಗ ನಲ್ಲಿ ನೀರೇ ಬಿಸಿ ಇರತೈತಿ ಅದಕ್ಕ ಅಂತಾರ.

ಈಗಿನ ಚಿಂತಿ ಮಳೆಗಾಲದ್ದು. ಮಿರ್ಗ (ಮೃಗಶಿರ) ಮಳಿ ಕೂಡೋದ್ರಾಗ ಒಳಗ ಸಾಗಿಸಬೇಕಾ? ಇಷ್ಟೆಲ್ಲಾ ಒಣಗಿಸಿದ್ದು ಮತ್ತ ಹಸಿ ಆಗತೈತಾ?

ಚೊಗರು (ಚನ್ನಗಿರಿ)

ಮಳೆ ನೀರು ನೇರ ಬೀಳದಿದ್ದರೆ ಮತ್ತೆ ಹಸಿ ಆಗಲ್ಲ. ಗಾಳಿಯ ತೇವಕ್ಕೆ ಸ್ವಲ್ಪ ಹೀರಿಕೊಂಡು ನೂರಕ್ಕೆ 15, 16ರವರೆಗೆ ಹೋಗಬಹುದು, ಉರಿಯೋಕೆ ಅದೇನೂ ಅಡ್ಡಿಯಲ್ಲ. ಎರಚಲು ಹೊಡೆಯೋ ಮಗ್ಗುಲಿಗೆ ಮಾತ್ರ ಒಂದು ತಗಡು ಓರೆಯಾಗಿ ಕಟ್ಟಿ, ಇನ್ನೊಂದು ಮಗ್ಗುಲು ಬಿಟ್ಟಿರಿ. ವಾರಕ್ಕಾಗೋವಷ್ಟು ಒಲೆ ಪಕ್ಕ ತಂದಿಟ್ಟುಕೊಳ್ಳಿ, ಆ ಕಾವಿಗೇ ಗರಿಗರಿ ಆಗುತ್ತೆ. ಒಲೆಗೆ ಒಂದು ಮಾರು ದೂರ ಇರಲಿ ಅಷ್ಟೇ, ಕಿಡಿ ಹಾರುತ್ತೆ.

ಅಜ್ಜಿಮನೆ (ಚಳ್ಳಕೆರೆ)

ಮಳೆಗಾಲದಲ್ಲಿ ಒಟ್ಟಿನ ಸಂದಿಗೆ ಕೈ ತೂರಿಸಬೇಡಿ. ಚೇಳು, ಹಾವು ಬೆಚ್ಚಗಿನ ಜಾಗ ಹುಡುಕಿಕೊಂಡು ಅಲ್ಲೇ ಸೇರೋದು. ಮೇಲಿನ ಸಾಲಿನಿಂದಲೇ ತೆಗೀರಿ, ಮೊದಲು ಕೋಲಿನಿಂದ ತಟ್ಟಿ. ಬೆಳಗಿನ ಐದಕ್ಕೆ ಅಪ್ಪಾಜಿ ಕತ್ತಲಲ್ಲಿ ಹೋಗೋದಾದರೆ ಹಿಂದಿನ ಸಂಜೆಯೇ ತೆಗೆದಿಡಿ.

ಮುಂಜಾನೆ_ದೋಸೆ (ದಾವಣಗೆರೆ)

ಕಟ್ಟಿಗೆಯಿಂದ ಸಣ್ಣ ಹಿಟ್ಟು ಉದುರಾಕ ಶುರುವಾದ್ರ ಕುಟ್ಟೆ ಹುಳ ಬಿದ್ದೈತಿ ಅಂತ. ತೊಗಟಿ ಇರೋ ತುಂಡಿನಾಗ ಜಾಸ್ತಿ. ಉರಿಸಾಕ ತೊಂದ್ರಿಲ್ಲ, ಆದ್ರ ಅಂಥವನ್ನ ಮೊದ್ಲು ಖಾಲಿ ಮಾಡ್ರಿ, ಮತ್ತ ಮನಿ ತೊಲಿ, ಬಾಗಿಲ ಹತ್ರ ಇಡಬ್ಯಾಡ್ರಿ.

ಹಂಡೆನೀರು (ದಾವಣಗೆರೆ)

ಎಲ್ರಿಗೂ ಶರಣು. ಮುಂದಿನ ಜನವರಿಗೆ ಹಸಿದನ್ನೇ, ಹಸಿ ರೇಟಿಗೇ ತರಿಸೋ ವಿಚಾರ ಐತಿ. ನಮ್ಮ ಓಣ್ಯಾಗ ಇನ್ನೂ ಎರಡು ಮನಿಯವ್ರು ಬೇಕು ಅಂತಿದಾರ, ಅದ್ರಾಗ ಪಕ್ಕದ ಮನಿ ಆಂಟಿನೂ ಒಬ್ರು. ಕೊಡಲಿಕಾವು ಅಣ್ಣ, ಜಗಳೂರಿಂದ ಇಲ್ಲಿಗೆ ಸೀಳಾಕ ಬರ್ತೀರಾ?

ಕೊಡಲಿಕಾವು (ಜಗಳೂರು)

ಬರ್ತೀವ್ರಿ. ಮೂರು ಮನಿದು ಕೂಡಿಸಿ ಒಂದೇ ಕಡೆ ಇಳಿಸ್ರಿ, ಹೋಗೋ ಬರೋ ಖರ್ಚು ಹಂಚಿಕೊಳ್ರಿ. ಟ್ರ್ಯಾಕ್ಟರ್ ಓಣ್ಯಾಗ ತಿರುಗತೈತಾ ನೋಡ್ಕೊಳ್ರಿ, ಇಲ್ಲಂದ್ರ ಗೂಡ್ಸ್ ಆಟೋದಾಗ ಎರಡು ಟ್ರಿಪ್ ಆಗತೈತಿ. ಹುಣಸಿ ಕೊರಡು ನಾನೇ ತರ್ತೀನಿ.